ಒಂದೇ ತಟ್ಟೆಯ ಔಷಧಿ ಮತ್ತು ಹಸಿರು ಪಟ್ಟಿ

ಪ್ರಾಣಿಪಾಲನಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

‘ಮಾನ್ಯರೇ’ ಎಂದು ಬರೆಯಲು ಕೈ ಬರುತ್ತಿಲ್ಲ. ಆದರೂ ರೂಢಿಯನ್ನು ಮುರಿಯುವ ವಯಸ್ಸು ನನ್ನದಲ್ಲ. ಆದ್ದರಿಂದ, ಮಾನ್ಯರೇ, ವಿಷಯವನ್ನು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಆಶ್ರಯಕೇಂದ್ರದಿಂದ ಮನೆಮನೆಗೆ ಹಂಚುತ್ತಿರುವ ನಾಯಿಮರಿಗಳಲ್ಲಿ ಹಲವಕ್ಕೆ ಜಂತುಹುಳದ ಔಷಧಿ ಸಿಕ್ಕಿಯೇ ಇಲ್ಲ. ಔಷಧಿ ಆಗಿದೆ ಎಂದು ಸಾರುವ ಹಸಿರು ಪಟ್ಟಿ ಮಾತ್ರ ಪ್ರತಿ ಮರಿಯ ಕುತ್ತಿಗೆಗೂ ತಪ್ಪದೆ ಸಿಕ್ಕಿದೆ. ಪಟ್ಟಿ ಕಟ್ಟುವುದರಲ್ಲಿ ನಿಮ್ಮ ಕಚೇರಿ ತೋರುವ ಶಿಸ್ತನ್ನು ಯಾರೂ ಅಲ್ಲಗಳೆಯಲಾರರು.

ನಾನು ಕನ್ನಡಕದ ಅಂಗಡಿಯವನು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿ ಮಾಡುವವನ ಪಕ್ಕದಲ್ಲಿ ಕೂತು ಲೆನ್ಸ್ ಉಜ್ಜಿ ಉಜ್ಜಿ ಬೆನ್ನು ಬಾಗಿಸಿಕೊಂಡವನು. ಕಳೆದ ವರ್ಷ ನಿಮ್ಮ ಮರಿ ವಿತರಣೆಯ ಸಮಾರಂಭಕ್ಕೆ ಮೊಮ್ಮಗಳ ಕೈ ಹಿಡಿದುಕೊಂಡು ಬಂದಿದ್ದೆ. ನಿಮ್ಮ ಭಾಷಣವನ್ನೂ ಪೂರ್ತಿ ಕೇಳಿದೆ. ಮೂಕಪ್ರಾಣಿಗಳ ಬಗ್ಗೆ ನೀವು ಬಹಳ ಹೊತ್ತು ಮಾತಾಡಿದಿರಿ. ಆರು ಮರಿಗಳಿದ್ದ ಬುಟ್ಟಿಯಲ್ಲಿ ಮೊಮ್ಮಗಳು ಎಲ್ಲಕ್ಕಿಂತ ಚಿಕ್ಕದನ್ನು, ಮೂಲೆಯಲ್ಲಿ ಸುಮ್ಮನೆ ಕೂತಿದ್ದದ್ದನ್ನು ಆರಿಸಿಕೊಂಡಳು. “ಇದು ಜಗಳ ಆಡಲ್ಲ ಅಜ್ಜಾ,” ಎಂದಳು. ನಿಮ್ಮ ಮೇಲ್ವಿಚಾರಕರು ಮರಿಯನ್ನು ಎತ್ತಿ ಕೊಡುತ್ತಾ, “ಹುಳದ ಔಷಧಿ ಎಲ್ಲಾ ಆಗಿದೆ. ಪಟ್ಟಿ ಹಸಿರಿದ್ರೆ ನೀವೇನೂ ತಲೆ ಕೆಡಿಸ್ಕೋಬೇಡಿ,” ಎಂದರು. ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ಮರಿಯ ಹೊಟ್ಟೆ ದಿನದಿಂದ ದಿನಕ್ಕೆ ದುಂಡಗಾಗುತ್ತಾ ಹೋಯಿತು. ಅದನ್ನು ನೋಡಿ ಮೊಮ್ಮಗಳು ‘ಗುಂಡ’ ಎಂದು ಕರೆದಳು, ಮನೆಯವರೆಲ್ಲ ಹಾಗೇ ಕರೆದೆವು. “ನೋಡಪ್ಪ, ನಮ್ಮನೆ ಊಟ ಹೇಗೆ ಮೈಗೆ ಹತ್ತಿದೆ,” ಎಂದು ನನ್ನ ಮಗಳು ಅಕ್ಕಪಕ್ಕದವರಿಗೂ ತೋರಿಸಿದಳು. ಹೊಟ್ಟೆಯೊಂದು ಬಿಟ್ಟರೆ ಬೇರೆಲ್ಲೂ ಮಾಂಸ ಇಲ್ಲ, ಕೂದಲು ಪೊರಕೆಯ ಹಾಗೆ ಒರಟಾಗಿದೆ ಎಂಬುದು ನಮಗೆ ಹೊಳೆಯಲಿಲ್ಲ. ಹಸಿರು ಪಟ್ಟಿ ಇತ್ತಲ್ಲ. ಹಿತ್ತಲಲ್ಲಿ ಗೋಡೆ ರಿಪೇರಿಗೆ ತರಿಸಿ ಉಳಿದ ಮರಳಿನ ಗುಡ್ಡೆಯೊಂದಿತ್ತು. ಮಗು ಮತ್ತು ಮರಿ ದಿನವಿಡೀ ಅದರಲ್ಲೇ ಗುಂಡಿ ತೋಡುತ್ತಿದ್ದರು. ಮರಿ ತನ್ನ ಕೆಲಸವನ್ನೂ ಅಲ್ಲೇ ಮುಗಿಸುತ್ತಿತ್ತು, ನಾವು ಅದರ ಮೇಲೆ ಒಂದಿಷ್ಟು ಮರಳು ಎಳೆದು ಸ್ವಚ್ಛವಾಯಿತು ಅಂದುಕೊಳ್ಳುತ್ತಿದ್ದೆವು.

ಒಂದು ಬೆಳಿಗ್ಗೆ ಗುಂಡ ವಾಂತಿ ಮಾಡಿತು. ವಾಂತಿಯಲ್ಲಿ ಬಿಳಿ ದಾರದ ಉಂಡೆಯಂಥದ್ದೇನೋ ಇತ್ತು, ಮತ್ತು ಅದು ಅಲುಗಾಡುತ್ತಿತ್ತು. ಪಶುವೈದ್ಯೆಯ ಮೇಜಿನ ಮೇಲೆ ಮಲಗಿಸಿದಾಗ ಅವರು ಅದರ ತುಟಿ ಎತ್ತಿ ವಸಡು ತೋರಿಸಿದರು. ರಕ್ತದ ಸುಳಿವೇ ಇಲ್ಲದ ಬಿಳುಪು. “ಔಷಧಿ ಯಾವಾಗ ಕೊಟ್ಟಿದ್ರಿ?” ಎಂದರು. ನಾನು ಪಟ್ಟಿ ತೋರಿಸಿದೆ. ಆಕೆ ಪಟ್ಟಿಯನ್ನು ನೋಡಲೂ ಇಲ್ಲ. “ತಾಯಿ ಹೊಟ್ಟೆಲಿದ್ದಾಗಲೇ ಮರಿಗೆ ಹುಳ ಬರುತ್ತೆ, ಹಾಲಲ್ಲೂ ಬರುತ್ತೆ. ಎರಡು ವಾರದ ಮರಿ ಇದ್ದಾಗ್ಲೇ ಶುರು ಮಾಡ್ಬೇಕು. ಒಂದ್ಸಲ ಕೊಟ್ರೆ ಕರುಳಲ್ಲಿರೋದು ಸಾಯುತ್ತೆ, ಮೈಯೊಳಗೆ ಅಡಗಿರೋದು ಮತ್ತೆ ಬೆಳೆದು ಬರುತ್ತೆ. ಹಾಲು ಬಿಡೋವರೆಗೂ ಎರಡೆರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳಾಗೋವರೆಗೂ ತಿಂಗಳಿಗೊಮ್ಮೆ ಕೊಡ್ತಾನೇ ಇರ್ಬೇಕು. ಇದಕ್ಕೆ ಒಂದ್ಸಲಾನೂ ಸಿಕ್ಕ ಹಾಗಿಲ್ಲ.” ಅವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಗುಂಡ ಸತ್ತುಹೋಯಿತು.

ಆಗ ನಾನು ನಿಮ್ಮ ಕೇಂದ್ರಕ್ಕೆ ಹೋದೆ. ಜಗಳಕ್ಕಲ್ಲ, ತಿಳಿದುಕೊಳ್ಳಲು. ಮೇಲ್ವಿಚಾರಕರು ಒಳ್ಳೆಯವರು, ಒಳಗೆ ಕರೆದುಕೊಂಡು ಹೋಗಿ ಹೆಮ್ಮೆಯಿಂದಲೇ ತೋರಿಸಿದರು. ಅಗಲವಾದ ಒಂದು ತಟ್ಟೆ. ಅದರಲ್ಲಿ ಹಾಲು. “ಅಷ್ಟೂ ಮರಿಗೆ ಸೇರಿಸಿ ಔಷಧಿ ಅಳ್ದು ಇದಕ್ಕೇ ಹಾಕ್ಬಿಡ್ತೀವಿ. ಒಂದೊಂದನ್ನೇ ಹಿಡಿದು ಬಾಯಿ ಬಿಡಿಸ್ತಾ ಕೂತ್ರೆ ಯಾವಾಗ ಮುಗಿಯುತ್ತೆ? ತಟ್ಟೆ ಖಾಲಿ ಆದ್ರೆ ಎಲ್ಲಕ್ಕೂ ಆಯ್ತು ಅಂತ.” ನನ್ನ ಕಣ್ಣೆದುರೇ ತಟ್ಟೆ ಇಟ್ಟರು. ದೊಡ್ಡ ಮರಿಯೊಂದು ಮುಂಗಾಲೆರಡನ್ನೂ ತಟ್ಟೆಯೊಳಗೇ ಊರಿ ಕುಡಿಯಿತು. ಉಳಿದವು ಸಂದಿಯಲ್ಲಿ ಮೂಗು ತೂರಿಸಿದವು. ಎಲ್ಲಕ್ಕಿಂತ ಚಿಕ್ಕದು ಹಿಂದೆ ನಿಂತು ಇನ್ನೊಂದರ ಬಾಲಕ್ಕೆ ಸಿಡಿದಿದ್ದ ಹಾಲು ನೆಕ್ಕಿತು. ತಟ್ಟೆ ಖಾಲಿಯಾಯಿತು. ಎಲ್ಲಕ್ಕೂ ಹಸಿರು ಪಟ್ಟಿ ಕಟ್ಟಿದರು. ತಾಯಿನಾಯಿಗೆ ಕೊಡುವುದಿಲ್ಲವೇ ಎಂದು ಕೇಳಿದೆ. “ಅದನ್ನ ಯಾರೂ ಮನೆಗೆ ಕರ್ಕೊಂಡ್ ಹೋಗಲ್ವಲ್ಲ,” ಎಂದರು.

ಇದನ್ನೆಲ್ಲ ಹೇಳಲು ನಿಮ್ಮ ಕೋಣೆಗೂ ಬಂದಿದ್ದೆ. ನೆನಪಿದೆಯೋ ಇಲ್ಲವೋ. ನೀವು ಬಹಳ ಮೃದುವಾಗಿ, “ಒಂದು ಮರಿ ಹೋಯ್ತು ಅಂತ ಇಷ್ಟು ಬೇಜಾರ್ ಮಾಡ್ಕೋಬೇಡಿ ಯಜಮಾನ್ರೇ, ಮುಂದಿನ್ ಸಲ ಬನ್ನಿ, ಇನ್ನೊಂದು ಕೊಡಿಸ್ತೀನಿ,” ಎಂದಿರಿ. ಸ್ವಾಮೀ, ನಾನು ಒಡೆದ ಲೋಟ ಬದಲಾಯಿಸಿಕೊಳ್ಳಲು ಬಂದವನ ಹಾಗೆ ಕಾಣುತ್ತಿದ್ದೆನೇ? ಆದರೂ ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡು ಮನೆಗೆ ಬಂದೆ. ಅಲ್ಲಿಗೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಕೆಲವು ತಿಂಗಳು ಕಳೆದವು. ಮೊಮ್ಮಗಳು ಶಾಲೆ ಮುಗಿಸಿ ಅಂಗಡಿಗೆ ಬಂದು ಗಿರಾಕಿಯ ಆಟ ಆಡುವುದುಂಟು. ಪರೀಕ್ಷೆಯ ಚೌಕಟ್ಟನ್ನು ಮೂಗಿನ ಮೇಲೆ ಏರಿಸಿಕೊಂಡು, ಒಂದು ಕಣ್ಣಿಗೆ ಕಪ್ಪು ಬಿಲ್ಲೆ ಹಾಕಿಕೊಂಡು ಗೋಡೆಯ ಮೇಲಿನ ಅಕ್ಷರ ಓದುತ್ತಾಳೆ. ಅವತ್ತು ಎಡಗಣ್ಣು ಮುಚ್ಚಿ ಗಡಗಡ ಓದಿದಳು. ಬಲಗಣ್ಣು ಮುಚ್ಚಿದಾಗ ಕತ್ತು ವಾರೆ ಮಾಡಿದಳು. “ಅಜ್ಜಾ, ನಿಮ್ಮ ಬೋರ್ಡ್ ಮೇಲೆ ಯಾರೋ ಬೆರಳಿಟ್ಟಿದಾರೆ,” ಎಂದಳು. ತಮಾಷೆ ಎಂದುಕೊಂಡೆ. “ತೆಗಿಯೋಕೆ ಹೇಳಿ,” ಎಂದಳು. ನನ್ನಲ್ಲಿರುವ ಲೆನ್ಸುಗಳನ್ನೆಲ್ಲ ಒಂದಾದ ಮೇಲೊಂದು ಹಾಕಿ ನೋಡಿದೆ. ಬೆರಳು ಹೋಗಲಿಲ್ಲ.

ಕಣ್ಣಿನ ಡಾಕ್ಟರು ಮಗುವನ್ನು ಹೊರಗೆ ಕೂರಿಸಿ ನಮಗೆ ಹೇಳಿದರು. ನಾಯಿಯ ಹುಳದ ಮೊಟ್ಟೆ ಮಲದಿಂದ ಮಣ್ಣಿಗೆ ಸೇರುತ್ತದೆ, ಕೆಲವು ವಾರಗಳಲ್ಲಿ ಬಲಿಯುತ್ತದೆ, ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತದೆ. ಮಣ್ಣಿನ ಕೈ ಬಾಯಿಗೆ ಹೋದರೆ ಅದೂ ಹೋಗುತ್ತದೆ. ಎಲ್ಲೋ ಅಪರೂಪಕ್ಕೆ ಮರಿಹುಳವೊಂದು ದಾರಿ ತಪ್ಪಿ ಕಣ್ಣಿಗೆ ಬಂದು ಕೂರುತ್ತದೆ. ಮಗಳು, “ಸರಿ ಹೋಗುತ್ತಲ್ವಾ ಡಾಕ್ಟ್ರೇ?” ಎಂದಳು. “ಹೆಚ್ಚಾಗದ ಹಾಗೆ ನೋಡ್ಕೋಬಹುದಮ್ಮ. ಹೋಗಿದ್ದು ಬರಲ್ಲ,” ಎಂದರು. ಊರಿಗೆಲ್ಲ ಕಣ್ಣು ಕಾಣುವಂತೆ ಮಾಡಿದವನು ನಾನು. ನನ್ನ ಮೊಮ್ಮಗಳಿಗೆ ಎಡಗಣ್ಣಿನಿಂದ ಎದುರಿಗಿರುವವರ ಮುಖ ಕಾಣುವುದಿಲ್ಲ, ಅಂಚಿನಲ್ಲಿರುವ ಕಿವಿ ಕಾಣುತ್ತದೆ. ನನಗೆ ಇದನ್ನು ಸಹಿಸಲು ಆಗುತ್ತಿಲ್ಲ.

ಇದನ್ನೂ ನಿಮ್ಮ ಕಚೇರಿಗೆ ಬಂದು ತಿಳಿಸಿದ್ದೆ, ಉತ್ತರವೂ ಸಿಕ್ಕಿದೆ. ಆ ಮೊಟ್ಟೆ ನಮ್ಮ ಮರಿಯದ್ದೇ ಎಂಬುದಕ್ಕೆ ಪುರಾವೆ ಇಲ್ಲವಂತೆ, ಮಕ್ಕಳು ಆಡುವ ಉದ್ಯಾನದ ಮರಳಿನಿಂದಲೂ ಬಂದಿರಬಹುದಂತೆ. ಒಪ್ಪಿದೆ, ಇರಬಹುದು. ಆ ಉದ್ಯಾನದ ಬೀದಿನಾಯಿಗಳಿಗೆ ಔಷಧಿ ಹಾಕಬೇಕಾದವರು ಯಾರು, ನನ್ನ ಅಂಗಡಿಯ ಪಕ್ಕದ ಬೀಗದವನೇ? ಇನ್ನೊಂದು ಮಾತು. ಈ ಪತ್ರ ಓದಿ ನಾಯಿಗಳನ್ನು ಹಿಡಿಸಿ ದೂರ ಸಾಗಿಸಿ ಕೈ ತೊಳೆದುಕೊಳ್ಳಬೇಡಿ. ನಾಯಿ ತಾನಾಗಿ ಔಷಧಿ ಅಂಗಡಿಗೆ ಹೋಗಲಾರದು. ತಪ್ಪು ಅದರದ್ದಲ್ಲ.

ಕಳೆದ ವಾರ ಕನ್ನಡಕ ತಲುಪಿಸಲು ಒಂದು ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಗೇಟಿನೊಳಗೆ ಹಸಿರು ಪಟ್ಟಿಯ ಮರಿಯೊಂದಿತ್ತು. ನಿಮ್ಮ ಹೊಸ ವಿತರಣೆಯದ್ದು. ತೆಳ್ಳನೆಯ ಕಾಲು, ಬಿಗಿದ ದುಂಡು ಹೊಟ್ಟೆ. ಅದರ ಪಕ್ಕದಲ್ಲಿ ಈಗಷ್ಟೇ ನಡೆಯಲು ಕಲಿತ ಮಗು ನೆಲದ ಮೇಲೆ ಕೂತು ಬೆರಳು ಚೀಪುತ್ತಿತ್ತು. ನಾನು ಗೇಟು ಹಿಡಿದುಕೊಂಡೇ ಮಗುವಿನ ತಾಯಿಗೆ ಎಲ್ಲವನ್ನೂ ಹೇಳಿದೆ. ತಟ್ಟೆಯ ವಿಷಯ, ಮೊಮ್ಮಗಳ ಕಣ್ಣಿನ ವಿಷಯ, ಎಲ್ಲವನ್ನೂ. ಇವತ್ತೇ ವೈದ್ಯರಿಗೆ ತೋರಿಸಮ್ಮಾ, ಮಲವನ್ನು ಆಗಿಂದಾಗ ಎತ್ತಿಬಿಡು, ಮಗುವಿನ ಕೈ ತೊಳೆಸು ಎಂದು ಬೇಡಿಕೊಂಡೆ. ಆಕೆ ಕೋಪ ಮಾಡಿಕೊಳ್ಳಲಿಲ್ಲ. ವಯಸ್ಸಾದವರಿಗೆ ಹೇಳುವ ಹಾಗೆ ಸಮಾಧಾನವಾಗಿಯೇ, “ಪಟ್ಟಿ ಕಟ್ಟಿದಾರಲ್ಲ ಅಂಕಲ್. ದೊಡ್ಡ ಸಾಹೇಬ್ರೇ ಕೈಯಾರೆ ಕಟ್ಟಿದ್ದು. ನಿಮಗಿಂತ ಅವರಿಗೆ ಗೊತ್ತಿರಲ್ವಾ?” ಎಂದು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಮರಿಯೂ ಅವರ ಹಿಂದೆಯೇ ಒಳಗೆ ಹೋಯಿತು.

ನನ್ನ ಬೇಡಿಕೆ ಇಷ್ಟು. ಆ ತಟ್ಟೆಯನ್ನು ಎಸೆಯಿರಿ. ಒಂದೊಂದು ಮರಿಯನ್ನೂ ತೂಗಿ, ಕೈಯಲ್ಲಿ ಹಿಡಿದು, ಬಾಯಿಗೆ ಔಷಧಿ ಹಾಕಿಸಿ. ತಾಯಿನಾಯಿಗೂ ಕೊಡಿಸಿ, ಮತ್ತೆ ಯಾವಾಗ ಕೊಡಬೇಕು ಎಂಬುದನ್ನು ಮರಿ ಒಯ್ಯುವವರಿಗೆ ಬಿಡಿಸಿ ಹೇಳಿ. ಇವೆಲ್ಲ ನಾಳೆಯಿಂದ ಆದರೂ ಸರಿ. ಆದರೆ ಈಗಾಗಲೇ ಪಟ್ಟಿ ಕಟ್ಟಿಸಿಕೊಂಡು ಹೋದ ಮರಿಗಳ ಮನೆಗಳಿಗೆ ಇವತ್ತೇ ಹೋಗಬೇಕು. ಆ ವಿಳಾಸಗಳನ್ನು ಕೊಡಿ, ನಾನೇ ಹೋಗುತ್ತೇನೆ ಎಂದು ನಿಮ್ಮ ಕಚೇರಿಯಲ್ಲಿ ಎರಡು ಸಲ ಕೇಳಿದ್ದೆ, ಸಿಗಲಿಲ್ಲ. ಈಗ ಕೇಳುವುದಿಲ್ಲ. ಆ ತಾಯಿ ನನ್ನನ್ನು ನಂಬಲಿಲ್ಲ, ನಿಮ್ಮನ್ನು ನಂಬಿದ್ದಾಳೆ. ಆದ್ದರಿಂದ ಅವಳ ಗೇಟಿನ ಮುಂದೆ ನಿಂತು, ನಾವು ಕಟ್ಟಿದ ಪಟ್ಟಿ ಸುಳ್ಳು ಎಂದು ನೀವೇ ನಿಮ್ಮ ಬಾಯಿಂದ ಹೇಳಬೇಕು.

ಇಂತಿ,
ಇನ್ನೊಂದು ಮರಿ ಬೇಡವೆಂದ ಯಜಮಾನ