ಹಿಟ್ಟು ಹಚ್ಚಿದ ಜೇನು

೩-೧೨-೧೯೫೬, ಬೆಳಿಗ್ಗೆ

ಇವತ್ತೂ ಹಾಗೇ. ಹೊತ್ತು ಹುಟ್ಟುವ ಮೊದಲೇ ಚೆಂಡುಹೂ, ಸೇವಂತಿಗೆ ಎಲ್ಲ ಬಿಡಿಸಿ ಬುಟ್ಟಿ ತುಂಬಿಯಾಯಿತು. ಅಣ್ಣ ನರಸಣ್ಣ ಆದೋನಿಯ ಮೊದಲ ಬಸ್ಸಿಗೆ ಹಾಕಿ ಬಂದ. ಆಮೇಲೆ ಬಿಸಿಲು. ಆಮೇಲೆ ಜೇನುಪೆಟ್ಟಿಗೆಯಿಂದ ಹುಳ ಹೊರಬಿದ್ದವು.

ಯಾರಿಗೂ ಹೊಳೆದಿರಲಿಲ್ಲ. ಹೂವಿನ ತೋಟ ಇದೆಯಲ್ಲ ಎಂದು ಅಣ್ಣ ಜೇನು ಸಾಕುವ ಟ್ರೈನಿಂಗಿಗೆ ಹೋಗಿ ಪೆಟ್ಟಿಗೆ ತಂದ. ಹುಳ ಏಳುವ ಹೊತ್ತಿಗೆ ನಮ್ಮ ಹೂವು ಬಸ್ಸಿನಲ್ಲಿ. ಉಳಿಯುವುದು ಕನಕಾಂಬರದ ಒಂದು ಸಾಲು — ಅದನ್ನು ಇವು ಮೂಸಿಯೂ ನೋಡುವುದಿಲ್ಲ. ಆದರೂ ಹುಟ್ಟಿನಲ್ಲಿ ಜೇನುತುಪ್ಪ ಏರುತ್ತಿದೆ. ಎಲ್ಲಿಂದ?

ಅತ್ತಿಗೆ ಅಕ್ಕನಾಗಮ್ಮ ಹೂ ಕಟ್ಟುತ್ತಾ ಅಂದಳು: "ಸಾಲಿಯಾಗ ಬೆಂಚಿನ ಮ್ಯಾಲ ಒಂದ್ ಗಳಿಗಿ ಕುಂದರಲಿಲ್ಲ ಈಕಿ. ಹುಳದ ಮುಂದ ನೋಡು, ಹೆಂಗ ಕುಂತಾಳ."

ನಿಜ. ಎಂಟನೇ ಕ್ಲಾಸಿಗೇ ಬಿಟ್ಟೆ. ಅಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಮೊದಲೇ ಪುಸ್ತಕದಲ್ಲಿರುತ್ತಿತ್ತು.

೫-೧೨

ರೊಟ್ಟಿಗೆ ಇಟ್ಟ ಜೋಳದ ಹಿಟ್ಟು ಒಂದು ಹಿಡಿ ತಂದು ಪೆಟ್ಟಿಗೆಯ ಬಾಯಲ್ಲಿ ಉದುರಿಸಿದೆ. ಹೊರಬಂದ ಹುಳವೆಲ್ಲ ಬೆಳ್ಳಗೆ — ಗಿರಣಿಯಿಂದ ಎದ್ದು ಬಂದವರ ಹಾಗೆ. ಹಿಂದೆ ಓಡಿದೆ. ಬದು ದಾಟಿ, ಜಾಲಿ ದಾಟಿ... ತಪ್ಪಿಸಿಕೊಂಡವು. ಮತ್ತೆ ಹಿಟ್ಟು, ಮತ್ತೆ ಓಟ.

ಸಿಕ್ಕವು. ಪಕ್ಕದ ಪೆದ್ದಣ್ಣ ಮಾವನ ಕೊತ್ತಂಬರಿ ಹೊಲ. ಒಂದು ಕಡೆ ಬಿಳಿ ಹೂವು, ಇನ್ನೊಂದು ಕಡೆ ಇನ್ನೂ ಮೊಗ್ಗು. ಹೂವಿನೊಳಗೆ ನಮ್ಮ ಬಿಳಿ ಹುಳ.

೬-೧೨, ಸಂಜೆ

ಪೆದ್ದಣ್ಣ ಮಾವ ತೋಟಕ್ಕೆ ಬಂದ. ಕೈಯಲ್ಲಿ ಹುಳ ಕೊಲ್ಲುವ ಪುಡಿಯ ಡಬ್ಬ.

"ನರಸಣ್ಣಾ, ನನ್ನ ಹೊಲದಾಗ ಜೇನು ಮುಕುರ್ಯಾವ. ರಸ ಹೀರಿಬಿಟ್ರ ಕಾಳೆಲ್ಲ ಜಳ್ಳು. ನಿಮ್ಮವೇನು?"

ಅಣ್ಣ ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. "ಗುಡ್ಡದ ಹುಳ ಇರಬೇಕು, ಮಾವಾ."

"ಹಂಗಾದ್ರ ನಾಳೆ ಪುಡಿ ಹೊಡೀತೀನಿ."

"ನಮ್ಮವ, ಮಾವಾ," ಅಂದೆ. "ಹಿಟ್ಟು ಹಚ್ಚಿ ನೋಡೀನಿ."

"ಕಳ್ಳರಿಗೆ ಪೌಡರ್ ಬ್ಯಾರೆ ಹಚ್ಚಿ ಕಳಸ್ತೀಯೇನವ್ವಾ?"

ನಕ್ಕ. ಆಮೇಲೆ ನಗು ನಿಂತಿತು. ಪೆಟ್ಟಿಗೆ ತೆಗೆಯಿರಿ, ಇಲ್ಲದಿದ್ದರೆ ಪುಡಿ — ಅಷ್ಟೇ ಮಾತು.

"ಹೀರಿದ್ರ ಜಳ್ಳಾಗ್ತಾವಂತ ನಿಮಗ ಹೆಂಗ ಗೊತ್ತು?" ಅಂದೆ.

"ಆಗೋದಿಲ್ಲಂತ ನಿನಗ ಹೆಂಗ ಗೊತ್ತು?"

"ನನಗೂ ಗೊತ್ತಿಲ್ಲ."

ಅದಕ್ಕೆ ಆತ ಸ್ವಲ್ಪ ತಣ್ಣಗಾದ. ಹೇಳಿದೆ: ಮೊಗ್ಗಿರುವ ಮೂಲೆಗೆ ಹುಳ ಕೂರದಂತೆ ಬಟ್ಟೆ ಕಟ್ಟೋಣ. ಒಳಗಿನ ಕಾಳು ಹೊರಗಿನದಕ್ಕಿಂತ ಚೆನ್ನಾಗಿ ಬಲಿತರೆ ಪೆಟ್ಟಿಗೆ ನಾನೇ ಹೊತ್ತು ಟ್ರೈನಿಂಗಿನವರಿಗೆ ವಾಪಸ್ ಕೊಡುತ್ತೇನೆ. ಒಪ್ಪಿದ. ಡಬ್ಬ ಮಾತ್ರ ಬಿಸಾಡಿಲ್ಲ.

ಅಣ್ಣ ಉಂಡಿಲ್ಲ. ಪೆಟ್ಟಿಗೆ ಹೋದರೆ ಅವನ ಮುಖಕ್ಕೆ ಹೊಡೆದ ಹಾಗೆ. ನನಗೆ... ಅದರ ಸದ್ದಿಲ್ಲದ ಬೆಳಗು ಹೇಗಿರುತ್ತದೋ.

೮-೧೨

ಅತ್ತಿಗೆಯ ಹಳೇ ಸೀರೆ, ಹತ್ತಿ ಕಟ್ಟಿಗೆಯ ಗೂಟ. ಕಟ್ಟಿ ಬಂದೆ.

"ತಗೋ, ನಿಮ್ಮಣ್ಣ ಕೊಡಿಸಿದ್ದು," ಅಂದಿದ್ದಳು ಅತ್ತಿಗೆ, ಸೀರೆ ಕೊಡುವಾಗ. "ಉಟ್ಟಾಗ ಹುಳಾನೂ ನೋಡಲಿಲ್ಲ. ಈಗರ ಕೆಲಸಕ್ಕ ಬರ್ಲಿ."

೧೪-೧-೫೭

ಹೂ ಉದುರಿದೆ. ಹುಳ ಈಗ ಕುಸುಬೆಗೆ ಹೋಗುತ್ತವೆ. ಸೀರೆ ಎತ್ತಿ ನೋಡಲು ಕೈ ತುರಿಸುತ್ತದೆ. ಮುಟ್ಟಬಾರದೆಂದು ಮಾವನ ಕಟ್ಟಪ್ಪಣೆ. ಅಂಚಿನಿಂದ ಬಗ್ಗಿ ನೋಡಿದೆ — ಒಳಗಿನ ಗಿಡ ತೆಳ್ಳಗೆ, ಉದ್ದ. ಬಿಸಿಲು ಸಾಲದೇನೋ. ಇದು ಮೊದಲೇ ಯಾಕೆ ಹೊಳೆಯಲಿಲ್ಲ?

೭-೨

ಸೀರೆ ತೆಗೆದದ್ದಾಯಿತು. ಮಾವ ಒಳಗಿನ ಗೊಂಚಲು ಒಂದು ಅಂಗೈಯಲ್ಲಿ, ಹೊರಗಿನದು ಇನ್ನೊಂದರಲ್ಲಿ ನುರಿದು ಊದಿದ. ಒಳಗಿನದು ಹೊಟ್ಟಾಗಿ ಹಾರಿತು. ಹೊರಗಿನದು ದುಂಡಗೆ ಕೂತಿತ್ತು.

ಅಣ್ಣನ ಮುಖ ಅರಳಿತು. ಅತ್ತಿಗೆ ನನ್ನ ತೋಳು ಚಿವುಟಿದಳು, ಬಾಯಿ ತೆಗೆಯಬೇಡ ಎಂದು. ನಾನೆಂಥವಳೆಂದು ಆಕೆಗೆ ಗೊತ್ತು.

"ಮಾವಾ, ನೆರಳಿಗೂ ಹಿಂಗ ಆಗಿರಬಹುದು. ಸೀರಿ ದಪ್ಪ ಇತ್ತು."

"ಸಾಲಿಯವರು ಈಕಿನ್ನ ಹೆಂಗ ತಡಕೊಂಡ್ರೋ," ಅಂದ ಅಣ್ಣ.

ಮಾವ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿದ. "ಹೌದು. ಬೆಳಕು ಬರಂಗಿಲ್ಲ ಇದರಾಗ." ಮನೆಯ ಕಡೆ ನಡೆದ. ಡಬ್ಬ ತರಲಿಕ್ಕೇ ಅಂದುಕೊಂಡೆ.

ಬಂದ. ಕಂಕುಳಲ್ಲಿ ಸೊಳ್ಳೆಪರದೆ.

"ಮುಂದಿನ ಬೆಳಿಗೆ ಇದು ಕಟ್ಟು. ಪೋನೀ, ಹೋಗ್ಲಿ ಬಿಡು, ಅಲ್ಲೀತನ ನಿನ್ನ ಕಳ್ಳರು ಇರ್ಲಿ."

"ನಿಮಗ ಸೊಳ್ಳಿ ಕಡಿಯಂಗಿಲ್ಲೇನು ಮಾವಾ?" ಅತ್ತಿಗೆ ಕೇಳಿದಳು.

"ಕಡೀಲಿ. ನನಗೂ ಗೊತ್ತಾಗಬೇಕು."

ಪರದೆ ಈಗ ನನ್ನ ತೊಡೆಯ ಮೇಲೆ. ಒಂದು ಕಡೆ ಹರಿದಿದೆ, ಹುಳ ನುಗ್ಗುವಷ್ಟು. ಹೊಲಿಯಬೇಕು. ಇನ್ನೊಂದು ಯೋಚನೆ — ನೆರಳು ಎರಡಕ್ಕೂ ಒಂದೇ ಇರುವಂತೆ ಎರಡು ಪರದೆ ಕಟ್ಟಿ, ಒಂದರೊಳಗೆ ಮಾತ್ರ ಒಂದಿಷ್ಟು ಹುಳ ಬಿಟ್ಟರೆ...