ಪುಟ್ಟಿಯ ಪಾದದ ಅಳತೆ

ಅನಾಥಾಲಯದ ವಾರ್ಡನ್ ಅಮ್ಮನವರಿಗೆ ನಮಸ್ಕಾರ.

"ಐ ಬೆಗ್ ಟು ಸ್ಟೇಟ್" ಎಂದು ಪತ್ರ ಶುರುಮಾಡಲು ಕಾಲೇಜಿನಲ್ಲಿ ಕಲಿಸಿದ್ದರು, ಮುಂದಿನದು ಮರೆತಿದೆ. ನಿಮ್ಮಲ್ಲಿರುವ ಪುಟ್ಟಿಗೆ ಪ್ರತಿವರ್ಷ ಹಬ್ಬದ ಉಡುಗೊರೆ ಆರಿಸುತ್ತಿದ್ದವಳು ನನ್ನಾಕೆ. ಈಗ ಅವಳಿಲ್ಲ, ನಾನೇ ಅಂಗಡಿ ಸುತ್ತಿ ಸುಸ್ತಾದೆ. ಪುಟ್ಟಿ ಕೇಳಿದ್ದು ಬೂಟು. ಬೆಳೆಯುವ ಕಾಲೆಂದು ನನ್ನಾಕೆ ದೊಡ್ಡದನ್ನೇ ತರುತ್ತಿದ್ದಳು, ನಾನೂ ಹಾಗೇ ತಂದೆ. ಅಂಗಡಿಯಾಕೆ, "ತಾತಾ, ಇದು ಮಗು ಹಾಕ್ಕೊಳ್ಳೋಕಾ, ಮಲಗೋಕಾ?" ಎಂದು ನಕ್ಕಳು. ಮನೆಗೆ ಬಂದ ಮೇಲೆ ಹೊಳೆಯಿತು, ಪುಟ್ಟಿ ಅದನ್ನು ಹಾಕಿಕೊಂಡು ನಡೆಯಬೇಕಾಗಿರುವುದು ಈ ವರ್ಷ, ಕಾಲು ಬೆಳೆದ ಮೇಲಲ್ಲ.

ಬದಲಿಸಿಕೊಡುತ್ತಾರಂತೆ. ದಯವಿಟ್ಟು ಈ ಕಾಗದದ ಹಿಂಬದಿಯ ಮೇಲೆ ಅವಳನ್ನು ನಿಲ್ಲಿಸಿ, ಪಾದದ ಸುತ್ತ ಗೆರೆ ಎಳೆದು ಕಳಿಸಿ. ಕಚಗುಳಿಯಾಗಿ ಅವಳು ನಕ್ಕು ಗೆರೆ ಸೊಟ್ಟಗಾದರೆ ಪಕ್ಕದಲ್ಲಿ ಇನ್ನೊಂದು ಎಳೆಯಿರಿ. ಸೊಟ್ಟಗಿನದನ್ನು ಮಾತ್ರ ಅಳಿಸಬೇಡಿ.

ಉತ್ತರಕ್ಕೆ ಕಾದಿರುವ,
ಬೂಟಿನ ತಾತ