ರೊಟ್ಟಿ ಗ್ರೂಪಿನ ಬಾಯಿಬಡುಕ

ಹಾಫ್‌ಮನ್ ಎಸ್ಟೇಟ್ಸ್
೧೧ ಫೆಬ್ರವರಿ ೨೦೨೬

ನನ್ನ ಮುದ್ದು ಸ್ವರೂಪಾ,

ಏಟು ಬಿದ್ದ ಎಡಗಿವಿ ಈಗ ಕೇಳಿಸುತ್ತದೆಯೇ? ತಲೆಗೆ ನೀರು ಹಾಕಿಕೊಳ್ಳುವಾಗ ಕಿವಿಗೆ ಹತ್ತಿ ಇಟ್ಟುಕೋ, ಡಾಕ್ಟರು ಹೇಳಲಿ ಬಿಡಲಿ. ಶರಣ್ಯಾ ನಿದ್ದೆಯಲ್ಲಿ ಬೆಚ್ಚಿಬೀಳುವುದು ನಿಂತಿತೇ? ನೀವಿಬ್ಬರೂ ಡೆಟ್ರಾಯಿಟ್ ಕಡೆ ಇದ್ದೀರಿ ಎಂಬುದಷ್ಟೇ ನನಗೆ ಗೊತ್ತು. ಅದಕ್ಕಿಂತ ಹೆಚ್ಚು ನನಗೆ ಹೇಳಲೇಬೇಡ. ಈ ಪತ್ರವನ್ನು ಮಹಿಳಾ ಸಂಸ್ಥೆಯ ಶ್ರೀಲತಾ ಅವರ ಕೈಗೆ ಕೊಡುತ್ತೇನೆ, ಅವರು ಮುಟ್ಟಿಸುತ್ತಾರೆ. ಮೇಲೆ ಸೌಭಾಗ್ಯವತಿ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಅತ್ತೆಗೆ ತಲೆ ಕೆಟ್ಟಿದೆ ಎಂದುಕೋ.

ಬೋಲಿಂಗ್‌ಬ್ರೂಕಿನಲ್ಲಿ ನೀವಿದ್ದದ್ದು ನನ್ನ ಮಗ ಸಂಗಮೇಶನಿಗೆ ಹೇಗೆ ತಿಳಿಯಿತು ಎಂದು ನೀನು ತಲೆ ಕೆಡಿಸಿಕೊಂಡಿರುತ್ತೀ. ನಿಮ್ಮನ್ನು ಬಚ್ಚಿಟ್ಟುಕೊಂಡಿದ್ದ ಶುಭಾ ಬಾಯಿ ಬಿಡಲಿಲ್ಲ, ಅವಳ ಗಂಡ ಹರಿಯೂ ಬಿಡಲಿಲ್ಲ. ಹೇಳಿದ್ದು ನಮ್ಮ ರೊಟ್ಟಿ ಗ್ರೂಪಿನ ಚಾಟ್‌ಬಾಟ್. ನಾನು ವಾರವಾರ ಬಡಿಯುವ ರೊಟ್ಟಿ ಯಾರಿಗೆ ಎಷ್ಟು ಎಂದು ನೋಡಿಕೊಳ್ಳಲಿ ಅಂತ ನಿಮ್ಮ ಮಾವ ದೀಪಾವಳಿ ಹೊತ್ತಿಗೆ ಅದನ್ನು ಗ್ರೂಪಿಗೆ ಸೇರಿಸಿದ್ದರು. ನಾನದಕ್ಕೆ ಬಾಯಿಬಡುಕ ಎಂದು ಹೆಸರಿಟ್ಟೆ, ಥ್ಯಾಂಕ್ಯೂ ಆಂಟಿ ಎಂದಿತು ಹಾಳಾದ್ದು. ನೀನು ಮನೆ ಬಿಟ್ಟ ದಿನವೇ ಮಗನನ್ನು ಗ್ರೂಪಿನಿಂದ ತೆಗೆಯಿರಿ ಎಂದು ಬಡಕೊಂಡೆ. "ತಗದ್ರ ನಾಕ ಮಂದಿಗೆ ಗೊತ್ತಾಗ್ತದ, ಅವನ ಮರ್ಯಾದಿ ಹೋಗ್ತದ," ಎಂದರು ಮಾವ. ಹಾಗಾಗಿ ಅವನು ಗ್ರೂಪಿನಲ್ಲೇ ಉಳಿದ.

ಅವನು ಕದ್ದುಮುಚ್ಚಿ ಏನೂ ಕೇಳಲಿಲ್ಲ. ಅವ್ವನಿಗೆ ಜೋಳದ ಹಿಟ್ಟು ತರಬೇಕು, ಈ ತಿಂಗಳು ಯಾರ ಮನೆಗೆ ರೊಟ್ಟಿ ಜಾಸ್ತಿ ಆಗಿದೆ ಎಂದು ಎಲ್ಲರೆದುರೇ ಕೇಳಿದ. ಪಾಪ, ತಾಯಿಗೆ ನೆರವಾಗುತ್ತಿದ್ದಾನೆ ಎಂದು ಯಾರೋ ಹೆಬ್ಬೆರಳನ್ನೂ ಒತ್ತಿದರು. ಬಾಯಿಬಡುಕ ತಡಮಾಡಲಿಲ್ಲ. ಶುಭಾ ಅವರ ಮನೆಗೆ ರೊಟ್ಟಿ ದುಪ್ಪಟ್ಟಾಗಿದೆ, ಖಾರವಿಲ್ಲದ ಶೇಂಗಾ ಚಟ್ನಿ ಹೊಸದಾಗಿ ಸೇರಿದೆ, ಬಹುಶಃ ಚಿಕ್ಕ ಮಗುವಿರುವ ಅತಿಥಿಗಳು ಬಂದಿದ್ದಾರೆ ಎಂದು ಬರೆದು ಕೊನೆಗೊಂದು ನಗುಮುಖ ಹಾಕಿತು. ಆ ಚಟ್ನಿ ಯಾರು ತಿನ್ನುತ್ತಾರೆಂದು ಶರಣ್ಯಾಳ ಅಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಅದನ್ನು ಓದಿದ್ದು ಕಾರಿನಲ್ಲಿ, ಶುಭಾಳ ಮನೆಗೇ ಹೋಗುವಾಗ, ರೊಟ್ಟಿ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು. ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಡ್ರೈವ್ ಮಾಡುತ್ತಿದ್ದ ಮಾವನಿಗೆ ಬೇಗ ನಡೆಯಿರಿ ಎಂದೆ.

ನೀನು ಮಗುವನ್ನು ಎತ್ತಿಕೊಂಡು ಹಿಂಬಾಗಿಲಿಂದ ಓಡಿದ ಮೇಲಿನದನ್ನು ನೀನು ನೋಡಿಲ್ಲ. ಮುಂಬಾಗಿಲಿನ ಗಾಜು ಪುಡಿಯಾಗಿತ್ತು. ಹರಿ ಡ್ರೈವ್‌ವೇಯ ಹಿಮದಲ್ಲಿ ಅಂಗಾತ ಬಿದ್ದಿದ್ದ, ಸಂಗಮೇಶ ಅವನ ಎದೆಯ ಮೇಲೆ ಕೂತು ಕಾರಿನ ಚಕ್ರ ಬಿಚ್ಚುವ ಕಬ್ಬಿಣದ ಪಾನಾ ತೆಗೆದುಕೊಂಡು ಬಡಿಯುತ್ತಿದ್ದ. ಹರಿ ಮುಖಕ್ಕೆ ಕೈ ಅಡ್ಡ ಹಿಡಿದಿದ್ದ. ಆ ಮುಂಗೈ ಮುರಿದ ಸದ್ದು ಕಾರಿನಿಂದ ಇಳಿಯುತ್ತಿದ್ದ ನನಗೂ ಕೇಳಿಸಿತು. "ಎಲ್ಲಿ ಅದಾರ ಹೇಳು, ಇಬ್ರನ್ನೂ ಇವತ್ತ ಮುಗಸ್ತೀನಿ," ಎನ್ನುತ್ತಿದ್ದ. ಇಬ್ಬರನ್ನೂ ಎಂದ ಸ್ವರೂಪಾ, ಆರು ವರ್ಷದ ಹೆತ್ತ ಮಗಳನ್ನೂ ಸೇರಿಸಿ. ನಾನು ಬೇಡಪ್ಪಾ ಎನ್ನಲಿಲ್ಲ. ಗ್ಯಾರೇಜಿನ ಗೋಡೆಗೆ ಹಿಮ ಎತ್ತುವ ಸಲಿಕೆ ಒರಗಿತ್ತು, ಅದನ್ನೆತ್ತಿ ಅವನ ಬೆನ್ನಿಗೆ ಹಾಕಿದೆ. ತಿರುಗಿದವನು ನನ್ನ ತುರುಬು ಹಿಡಿದು ಕೆಡವಿದ, ಹೊಟ್ಟೆಗೆ ಒದ್ದ, ಅವನು ಒಂಬತ್ತು ತಿಂಗಳಿದ್ದ ಹೊಟ್ಟೆಗೆ. ಎದ್ದು ಅವನ ಮೊಣಕಾಲಿಗೆ ಬೀಸಿದೆ. ಬಿದ್ದ. ಬಿದ್ದ ಮೇಲೂ ಹೊಡೆದೆ, ಸಲಿಕೆಯ ಹಿಡಿ ಮುರಿಯುವವರೆಗೆ ಹೊಡೆದೆ. ಸಿಟ್ಟು ಬಿಟ್ಟು ನನ್ನಲ್ಲಿ ಬೇರೇನೂ ಇರಲಿಲ್ಲ. ನಿಮ್ಮ ಮಾವ ಸ್ಟೀರಿಂಗ್ ಹಿಡಿದು ಕೂತಿದ್ದವರು ಪೊಲೀಸರು ಬಂದು ಗಾಜು ತಟ್ಟಿದ ಮೇಲೆಯೇ ಇಳಿದದ್ದು. ಅಳು ನನಗೆ ಮಾರನೆಯ ದಿನ ಬಂತು, ಹಿಟ್ಟು ಕಲಸುವಾಗ.

ಈಗ ಅವನು ಜೈಲಿನಲ್ಲಿದ್ದಾನೆ. ಇರಲು ಒಂದು ಮನೆ ತೋರಿಸಿದರೆ ಎಲ್ಲಿದ್ದಾನೆಂದು ಪೊಲೀಸರಿಗೆ ತೋರಿಸುವ ಪಟ್ಟಿಯೊಂದನ್ನು ಕಾಲಿಗೆ ಕಟ್ಟಿ ಹೊರಗೆ ಬಿಡಬಹುದು ಎಂದು ಅವನ ವಕೀಲ ಹೇಳಿದ್ದಾನೆ. ಮನೆ ಎಂದರೆ ನಮ್ಮದೇ. ಮಾವ ಆಗಲೇ ಬೇಸ್‌ಮೆಂಟಿನಲ್ಲಿ ಹಾಸಿಗೆ ಹಾಕಿಟ್ಟಿದ್ದಾರೆ. ಅವನು ಹೊರಗೆ ಬಂದರೆ ಮೊದಲು ನಿಮ್ಮನ್ನೇ ಹುಡುಕುತ್ತಾನೆ, ಇದು ಅವರಿಗೂ ಗೊತ್ತು. ಗ್ರೂಪಿನಲ್ಲಿ ದಿನವಿಡೀ ಬುದ್ಧಿಮಾತು, ಹರಿಯ ಕೈಗೆ ರಾಡ್ ಹಾಕಿದ್ದರ ಬಗ್ಗೆ ಒಬ್ಬರ ಮಾತೂ ಇಲ್ಲ. ನಿನ್ನೆ ಬಾಯಿಬಡುಕ ಅದೆಲ್ಲದರ ಸಾರಾಂಶ ಹಾಕಿತು. ಇದು ಕೌಟುಂಬಿಕ ತಪ್ಪು ತಿಳಿವಳಿಕೆ ಎಂದು ಎಲ್ಲರೂ ಒಪ್ಪಿದ್ದಾರಂತೆ, ಶಿವಲಿಂಗಮ್ಮ ಆಂಟಿ ಮಗನನ್ನು ಮನೆಯಲ್ಲಿಟ್ಟುಕೊಂಡು ಸೊಸೆಗೆ ಸಮಾಧಾನ ಹೇಳುತ್ತಾರಂತೆ. ನಾನು ಒಂದಕ್ಷರ ಬರೆದಿರಲಿಲ್ಲ, ಸುಮ್ಮನಿದ್ದದ್ದನ್ನೇ ಹೂಂ ಎಂದುಕೊಂಡಿತು. ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು. ನಾನು ಗ್ರೂಪ್ ಬಿಟ್ಟೆ.

ಮಾವ ಊಟ ಬಿಟ್ಟಿದ್ದಾರೆ. "ಹೆತ್ತಾಕಿ ನೀನ ಬಾಗಲಾ ಹಾಕಿದ್ರ ಅವ ಎಲ್ಲಿ ಹೋಗಬೇಕು?" ಎಂದು ಕೇಳುತ್ತಾರೆ. ನಿನಗ್ಯಾಕೆ ಸುಳ್ಳು ಹೇಳಲಿ, ತಟ್ಟೆಯ ಮುಂದೆ ಕೂತರೆ ಅವನು ಉಂಡನೋ ಇಲ್ಲವೋ ಅನ್ನಿಸುತ್ತದೆ. ಮರುಗಳಿಗೆಗೆ ಆ "ಇಬ್ರನ್ನೂ" ಕಿವಿಗೆ ಬರುತ್ತದೆ, ತಟ್ಟೆ ಸರಿಸಿ ಏಳುತ್ತೇನೆ.

ಶರಣ್ಯಾ ಕೇಳಿದರೆ ಅಜ್ಜಿ ಈಸ್ ಫೈನ್ ಎನ್ನು, ಅವಳ ಎರಡೂ ಕೆನ್ನೆಗೆ ನನ್ನ ಮುತ್ತು ಕೊಡು. ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿಮ್ಮಿಬ್ಬರ ಬೆನ್ನಿಗಿರಲಿ.

ನಿನ್ನ ಅತ್ತೆ,
ಶಿವಲಿಂಗಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕೋರ್ಟಿನವರ ಫೋನ್ ಬಂತು, ಕನ್ನಡ ಬಲ್ಲ ಹೆಣ್ಣುಮಗಳೊಬ್ಬಳನ್ನು ನಡುವೆ ಇಟ್ಟುಕೊಂಡು ಮಾತಾಡಿದರು. ನಿಮ್ಮ ಮಗನಿಗೆ ಇರಲು ನಿಮ್ಮ ಮನೆಯಲ್ಲಿ ಜಾಗ ಇದೆಯೇ ಎಂದು ಕೇಳಿದರು. ಮಾವ ಎದುರಿಗೇ ನಿಂತು ನನಗೆ ಕೈ ಮುಗಿಯುತ್ತಿದ್ದರು. ಇಲ್ಲ ಎಂದೆ. ಯೋಚನೆ ಮಾಡಿ ಹೇಳಿ ಅಮ್ಮಾ ಎಂದು ಆ ಹುಡುಗಿ ಇನ್ನೊಮ್ಮೆ ಕೇಳಿದಳು. "ನನ್ನ ಮನ್ಯಾಗ ಅವಗ ಜಾಗ ಇಲ್ಲವಾ, ಹಂಗ ಬರಕೋ," ಎಂದೆ.